ಗಡಿಭಾಗದ ಕೀಲಿಮಣೆ: ಫರ್ಮ್‌ವೇರ್ ವಿನ್ಯಾಸದ ದುರಸ್ತಿ ಮತ್ತು ನಿರ್ವಹಣೆ

ಕಂಪ್ಯೂಟರಿಗೆ ಜೋಡಿಸಿದ ಕೀಲಿಮಣೆಯು ಅಕ್ಷರಗಳನ್ನು ಕಳುಹಿಸುವುದಿಲ್ಲ, ಸಂಖ್ಯೆಗಳನ್ನು ಕಳುಹಿಸುತ್ತದೆ. ಯುಎಸ್‌ಬಿ ಕೀಲಿಮಣೆಗಳಿಗಾಗಿ ಗೊತ್ತುಪಡಿಸಿದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂಗ್ಲಿಷಿನ ‘ಎ’ ಕೀಲಿಗೆ 4, ‘ಕೆ’ ಕೀಲಿಗೆ 14, ಎಂಟರ್ ಕೀಲಿಗೆ 40, ಸ್ಪೇಸ್ ಕೀಲಿಗೆ 44 ಎಂಬ ಸಂಖ್ಯೆಗಳಿದ್ದು, ಕೀಲಿಮಣೆಯಿಂದ ಹೊರಟ 14 ಎಂಬ ಸಂಖ್ಯೆಯು ಪರದೆಯ ಮೇಲೆ ರೋಮನ್ ‘ಕೆ’ ಆಗಬೇಕೋ, ಕನ್ನಡದ ಕ ಆಗಬೇಕೋ, ತೆಲುಗಿನ ಕ ಆಗಬೇಕೋ ಎಂಬುದನ್ನು ನಿರ್ಧರಿಸುವುದು ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ. ತಾವೇ ಜೋಡಿಸಿಕೊಂಡ ಅಥವಾ ತಮಗೆ ಬೇಕಾದಂತೆ ಮಾಡಿಸಿಕೊಂಡ ಕೀಲಿಮಣೆಗಳಲ್ಲಿ ಕನ್ನಡ ಬರೆಯಹೊರಟವರು ಎದುರಿಸುವ ತೊಡಕುಗಳಲ್ಲಿ ಬಹುಪಾಲು ಈ ಎರಡು ಹಂತಗಳನ್ನು ಬೆರೆಸಿಕೊಳ್ಳುವುದರಿಂದಲೇ ಹುಟ್ಟುತ್ತವೆ.

ಈ ವಿಷಯ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದ ಓದುಗರಿಗೆ ಹೆಚ್ಚು ಹತ್ತಿರದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಗಿನ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಇವು ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಅಥವಾ ದಖನಿ, ಅರ್ಜಿ ನಮೂನೆಗಳಲ್ಲಿ ಇಂಗ್ಲಿಷ್ ಬಳಸುವ ಈ ಭಾಗದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರಿಗಾಗಲಿ, ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಬರೆದುಕೊಡುವವರಿಗಾಗಲಿ ಒಂದೇ ಕೀಲಿಮಣೆಯಿಂದ ಮೂರು ನಾಲ್ಕು ಲಿಪಿಗಳನ್ನು ಹೊರಡಿಸುವ ಅಗತ್ಯ ಬೀಳುತ್ತದೆ. ಅಂಥವರ ಪಾಲಿಗೆ ಫರ್ಮ್‌ವೇರ್ ಬದಲಿಸಬಹುದಾದ ಕೀಲಿಮಣೆ ನಿಜಕ್ಕೂ ಉಪಯುಕ್ತ ಸಾಧನವಾಗಬಲ್ಲದು, ಆದರೆ ಅದನ್ನು ಸರಿಯಾಗಿ ಹೊಂದಿಸಿಕೊಂಡಿರಬೇಕು.

ಫರ್ಮ್‌ವೇರ್ ಎಂದರೆ ಕೀಲಿಮಣೆಯೊಳಗಿನ ಪುಟ್ಟ ಚಿಪ್‌ನಲ್ಲಿ ಕುಳಿತು, ಯಾವ ಗುಂಡಿ ಒತ್ತಲ್ಪಟ್ಟಿದೆ ಎಂಬುದನ್ನು ಸಾಲು ಮತ್ತು ಕಂಬಗಳ ಜಾಲದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ, ಅದಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳುಹಿಸುವ ತಂತ್ರಾಂಶ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಯೂಎಂಕೆ. ಇದು ಹಳೆಯ ಟಿಎಂಕೆ ಎಂಬ ಮುಕ್ತ ತಂತ್ರಾಂಶದಿಂದ ಕವಲೊಡೆದು ಬೆಳೆದದ್ದು. ಕಂಪೈಲ್ ಮಾಡುವ ಗೋಜಿಲ್ಲದೆ ಪರದೆಯ ಮೇಲೆಯೇ ಕೀಲಿಗಳನ್ನು ಬದಲಿಸಲು ವಿಯಾ ಮತ್ತು ವಯಲ್ ಎಂಬ ಸಾಧನಗಳಿವೆ, ಬ್ಲೂಟೂತ್ ಕೀಲಿಮಣೆಗಳಿಗೆ ಝಡ್‌ಎಂಕೆ ಇದೆ. ಇಲ್ಲಿನ ವಿವರಣೆ ಮುಖ್ಯವಾಗಿ ಕ್ಯೂಎಂಕೆಯನ್ನು ಅನುಸರಿಸುತ್ತದೆ. ತತ್ವಗಳು ಎಲ್ಲಕ್ಕೂ ಅನ್ವಯಿಸುತ್ತವೆ.

ಅಕ್ಷರಗಳನ್ನು ಫರ್ಮ್‌ವೇರಿನಲ್ಲಿ ತುಂಬಬಾರದು

ಕ್ಯೂಎಂಕೆಯಲ್ಲಿ ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಕೀಲಿಗೆ ಹಚ್ಚುವ ಸೌಲಭ್ಯವಿರುವುದರಿಂದ, ಕನ್ನಡದ ಎಲ್ಲ ಅಕ್ಷರಗಳನ್ನೂ ಒಂದು ಪದರದಲ್ಲಿ ತುಂಬಿಬಿಟ್ಟರೆ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಕನ್ನಡ ಮೂಡೀತೆಂಬ ಆಸೆ ಸಹಜವಾಗಿ ಹುಟ್ಟುತ್ತದೆ. ಈ ದಾರಿಯನ್ನು ಹಿಡಿಯದಿರುವುದೇ ಲೇಸು. ಯುಎಸ್‌ಬಿ ಕೀಲಿಮಣೆಗೆ ಯೂನಿಕೋಡ್ ಸಂಖ್ಯೆಯನ್ನು ಕಳುಹಿಸುವ ಮಾರ್ಗವೇ ಇಲ್ಲದ ಕಾರಣ, ಫರ್ಮ್‌ವೇರ್ ಒಂದು ಉಪಾಯವನ್ನು ಬಳಸುತ್ತದೆ: ಲಿನಕ್ಸ್‌ನಲ್ಲಾದರೆ ಕಂಟ್ರೋಲ್, ಶಿಫ್ಟ್ ಮತ್ತು ‘ಯು’ ಒತ್ತಿ, ಆ ಅಕ್ಷರದ ಸಂಕೇತದ ಅಂಕಿಗಳನ್ನು ಒಂದೊಂದಾಗಿ ಒತ್ತಿ, ಕೊನೆಗೆ ಸ್ಪೇಸ್ ಒತ್ತಿದಂತೆ ನಟಿಸುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಬೇರೆ ಸಹಾಯಕ ತಂತ್ರಾಂಶ ಬೇಕು. ಒಂದು ‘ಕ್ತ್ರ’ ಬರೆಯಲು ಕ, ತ, ರ ಮತ್ತು ಎರಡು ಹಲಂತ ಚಿಹ್ನೆಗಳು ಸೇರಿ ಐದು ಸಂಕೇತಗಳು ಬೇಕಾಗುವ ಕನ್ನಡದಲ್ಲಿ ಈ ನಟನೆ ನಿಧಾನವೂ ಹೌದು, ಅನೇಕ ತಂತ್ರಾಂಶಗಳಲ್ಲಿ ನಡುವೆಯೇ ಮುರಿದುಬೀಳುವಂಥದ್ದೂ ಹೌದು. ಕಂಪ್ಯೂಟರಿನಲ್ಲಿ ಆಗಲೇ ಕನ್ನಡ ವಿನ್ಯಾಸ ಆಯ್ಕೆಯಾಗಿದ್ದರಂತೂ ಸಂಕೇತದೊಳಗಿನ ರೋಮನ್ ಅಕ್ಷರಗಳು ಕನ್ನಡದ ಅಕ್ಷರಗಳೋ ಗುಣಿತ ಚಿಹ್ನೆಗಳೋ ಆಗಿ ಬದಲಾಗಿ ಎಲ್ಲವೂ ಕೆಡುತ್ತದೆ.

ಇದಕ್ಕಿಂತ ಮೂಲಭೂತವಾದ ಕಾರಣ ಇನ್ನೊಂದಿದೆ. ನುಡಿ ತಂತ್ರಾಂಶದಲ್ಲಿ ‘ಐ’ ಕೀಲಿಯನ್ನು ವ್ಯಂಜನದ ನಂತರ ಒತ್ತಿದರೆ ಗುಡಿಸು ಬರುತ್ತದೆ, ಪದದ ಆರಂಭದಲ್ಲಿ ಒತ್ತಿದರೆ ಇ ಎಂಬ ಸ್ವರ ಬರುತ್ತದೆ. ಹಿಂದಿನ ಅಕ್ಷರ ಯಾವುದೆಂದು ತಿಳಿದಿದ್ದರೆ ಮಾತ್ರ ಈ ತೀರ್ಮಾನ ಸಾಧ್ಯ. ಪರದೆಯ ಮೇಲೇನಿದೆ ಎಂಬುದು ಫರ್ಮ್‌ವೇರಿಗೆ ಕಾಣುವುದಿಲ್ಲ, ಬಳಕೆದಾರರು ಮೌಸ್‌ನಿಂದ ಬೇರೆಡೆಗೆ ಹೋದದ್ದೂ ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಕೀಲಿಯ ಸ್ಥಾನ, ಪದರ, ಭಾಷೆ ಬದಲಿಸುವ ಗುಂಡಿ ಇವಿಷ್ಟು ಫರ್ಮ್‌ವೇರಿನಲ್ಲಿ ಇರಲಿ, ಅಕ್ಷರದ ಕೆಲಸವನ್ನು ಕಂಪ್ಯೂಟರ್ ಮಾಡಲಿ ಎಂಬ ಹಂಚಿಕೆಯೇ ಬಾಳಿಕೆ ಬರುವಂಥದ್ದು.

ಇನ್‌ಸ್ಕ್ರಿಪ್ಟ್ ಮತ್ತು ಕಗಪ

ಕನ್ನಡಕ್ಕೆ ಮುಖ್ಯವಾಗಿ ಎರಡು ವಿನ್ಯಾಸಗಳಿವೆ. ಭಾರತೀಯ ಮಾನಕ ಸಂಸ್ಥೆಯ 1991ರ ಮಾನಕದಲ್ಲಿ ಸೇರಿರುವ ಇನ್‌ಸ್ಕ್ರಿಪ್ಟ್, ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೆಲ್ಲ ಒಂದೇ ಸ್ಥಾನಕ್ರಮವನ್ನು ಕೊಡುತ್ತದೆ. ವಿಂಡೋಸ್‌ನಲ್ಲಿರುವ ‘ಕನ್ನಡ’ ವಿನ್ಯಾಸ ಇದನ್ನೇ ಅನುಸರಿಸುತ್ತದೆ. ಇನ್ನೊಂದು ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ, ‘ಸೇಡಿಯಾಪು’ ತಂತ್ರಾಂಶದಲ್ಲಿ ಬಳಕೆಗೆ ಬಂದು ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸ. ಲಿನಕ್ಸ್‌ನಲ್ಲಿ ಇದಕ್ಕೆ ‘ಕಗಪ’ ಎಂಬ ಹೆಸರಿದೆ. ಲಿನಕ್ಸ್‌ನ ಕೀಲಿವಿನ್ಯಾಸ ಸಂಗ್ರಹದಲ್ಲಿ ಕನ್ನಡಕ್ಕೂ ತೆಲುಗಿಗೂ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ಇವೆ.

ಗಡಿಭಾಗದ ಬಳಕೆಗೆ ಇನ್‌ಸ್ಕ್ರಿಪ್ಟ್‌ನ ಲಾಭ ದೊಡ್ಡದು. ಕನ್ನಡದ ಕ, ತ, ಪ ಯಾವ ಗುಂಡಿಯಲ್ಲಿವೆಯೋ ತೆಲುಗಿನವೂ ಅದೇ ಗುಂಡಿಯಲ್ಲಿರುವುದರಿಂದ, ಒಂದು ಭಾಷೆಯಲ್ಲಿ ಕೈ ಪಳಗಿದವರು ಇನ್ನೊಂದನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಯೂನಿಕೋಡ್‌ನಲ್ಲಿಯೂ ಈ ಎರಡು ಲಿಪಿಗಳು ಅಕ್ಕಪಕ್ಕದಲ್ಲಿದ್ದು, ತೆಲುಗಿನ ಕ 3093ನೆಯ ಸಂಕೇತವಾದರೆ ಕನ್ನಡದ ಕ 3221, ಅಂದರೆ ಸರಿಯಾಗಿ 128ರ ಅಂತರ. ಉಳಿದ ವ್ಯಂಜನಗಳ ನಡುವೆಯೂ ಇದೇ ಅಂತರವಿದೆ. ಉರ್ದು ಈ ಏರ್ಪಾಟಿನ ಹೊರಗಿದ್ದು ಅದಕ್ಕೆ ಬೇರೆ ವಿನ್ಯಾಸವನ್ನು ಹಾಕಿಕೊಳ್ಳಬೇಕು.

ಆದರೆ ಚಿಕ್ಕ ಕೀಲಿಮಣೆಗಳಲ್ಲಿ ಇನ್‌ಸ್ಕ್ರಿಪ್ಟ್ ತೊಡಕು ತರುತ್ತದೆ, ಏಕೆಂದರೆ ಅದು ರೋಮನ್ ಅಕ್ಷರಗಳ 26 ಕೀಲಿಗಳಿಗೆ ಸೀಮಿತವಾಗದೆ ಚಿಹ್ನೆಗಳ ಕೀಲಿಗಳನ್ನೂ ಬಳಸುತ್ತದೆ. ಚ ಅರ್ಧವಿರಾಮದ ಕೀಲಿಯಲ್ಲಿದೆ, ಟ ಉದ್ಧರಣ ಚಿಹ್ನೆಯ ಕೀಲಿಯಲ್ಲಿದೆ, ಯ ಓರೆಗೆರೆಯ ಕೀಲಿಯಲ್ಲಿದೆ, ಡ ಎಡ ಚೌಕ ಆವರಣದ ಕೀಲಿಯಲ್ಲಿದೆ, ಒತ್ವ ಮತ್ತು ಒ ಎಂಬ ಸ್ವರ ಮೇಲಿನ ಸಾಲಿನ ಎಡತುದಿಯ ಕೀಲಿಯಲ್ಲಿವೆ. ನಾಲ್ಕು ಸಾಲು ಹನ್ನೆರಡು ಕಂಬಗಳ ಚಿಕ್ಕ ಮಣೆಯಲ್ಲಿ ಚೌಕ ಆವರಣದ ಕೀಲಿಯೇ ಇರದಿದ್ದರೆ ಮಾಡು, ನೋಡು, ಹಾಡು ಎಂಬ ಪದಗಳನ್ನೂ ಬರೆಯಲಾಗದು. ಸುಮಾರು ಅರವತ್ತು ಕೀಲಿಗಳ ಮಣೆಯಲ್ಲಿ ಎಡತುದಿಯನ್ನು ಎಸ್ಕೇಪ್ ಕೀಲಿಗೆ ಬಿಟ್ಟುಕೊಡುವುದು ರೂಢಿ. ಅಲ್ಲಿ ಕ್ಯೂಎಂಕೆಯ ‘ಗ್ರೇವ್ ಎಸ್ಕೇಪ್’ ಎಂಬ ಜೋಡಿ ಕೀಲಿಯನ್ನು ಹಾಕಿದ್ದರೆ ಶಿಫ್ಟ್ ಸಹಿತ ಒತ್ತಿದಾಗ ಒ ಬರುತ್ತದೆ, ಶಿಫ್ಟ್ ಇಲ್ಲದೆ ಒತ್ತಿದಾಗ ಎಸ್ಕೇಪ್ ಹೋಗುತ್ತದೆ. ‘ಒಂದು’ ಬರೆಯಬಹುದು, ‘ಕೊಡು’ ಬರೆಯಲಾಗದು. ಎತ್ವವನ್ನೂ ಕೊಂಬಿನ ದೀರ್ಘವನ್ನೂ ಒಂದರ ನಂತರ ಒಂದು ಒತ್ತಿದರೆ ಒತ್ವದಂತೆಯೇ ಕಾಣುವುದರಿಂದ ಕೆಲವರು ಆ ಅಡ್ಡದಾರಿಯನ್ನು ಹಿಡಿಯುತ್ತಾರೆ. ಯೂನಿಕೋಡ್ ಈ ಎರಡು ರೂಪಗಳನ್ನು ಸಮಾನವೆಂದು ಪರಿಗಣಿಸಿದರೂ ಅದನ್ನು ಪಾಲಿಸದ ತಂತ್ರಾಂಶಗಳಲ್ಲಿ ಹುಡುಕಾಟ ಮತ್ತು ಅಕಾರಾದಿ ಜೋಡಣೆ ತಪ್ಪುವುದರಿಂದ, ಒತ್ವದ ಕೀಲಿಯನ್ನು ಎಲ್ಲಾದರೂ ಒಂದು ಕಡೆ ನೇರವಾಗಿ ಕೂರಿಸುವುದೇ ಸರಿಯಾದ ದುರಸ್ತಿ. ಇಂಥ ಚಿಕ್ಕ ಮಣೆಯನ್ನೇ ಬಳಸುವ ಹಠವಿದ್ದು ಕನ್ನಡವೊಂದೇ ಸಾಕೆನ್ನುವವರಿಗೆ, ವರ್ಣಮಾಲೆಯನ್ನು 26 ಕೀಲಿಗಳೊಳಗೇ ಅಡಗಿಸುವ ರಾವ್ ಅವರ ವಿನ್ಯಾಸ ಹೆಚ್ಚು ಅನುಕೂಲ.

ಭಾರತೀಯ ಲಿಪಿಗಳಿಗೊಂದು ಸರಳ ಪದರ

ಕೋಲ್‌ಮ್ಯಾಕ್, ಡ್ವೊರಾಕ್ ಮೊದಲಾದ ಬದಲಿ ಇಂಗ್ಲಿಷ್ ವಿನ್ಯಾಸಗಳನ್ನು ಫರ್ಮ್‌ವೇರಿನಲ್ಲೇ ಅಳವಡಿಸಿಕೊಂಡವರಿಗೆ ಕನ್ನಡಕ್ಕೆ ಬಂದ ಕೂಡಲೇ ಎಲ್ಲವೂ ಅಸ್ತವ್ಯಸ್ತವಾದಂತೆ ಕಾಣುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಕ ಇರಬೇಕಾದ ಸ್ಥಾನದಿಂದ ಕೋಲ್‌ಮ್ಯಾಕ್ ‘ಇ’ ಕೀಲಿಯ ಸಂಖ್ಯೆಯನ್ನು ಕಳುಹಿಸುವುದರಿಂದ ಅಲ್ಲಿ ಆಕಾರದ ದೀರ್ಘ ಚಿಹ್ನೆ ಮೂಡುತ್ತದೆ, ಕ ಎಂಬುದು ಲ ಇರಬೇಕಾದ ಸ್ಥಾನಕ್ಕೆ ಜಾರುತ್ತದೆ. ಕಗಪ ವಿನ್ಯಾಸದಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಅದು ಸ್ಥಾನವನ್ನಲ್ಲ, ರೋಮನ್ ಅಕ್ಷರದ ಉಚ್ಚಾರವನ್ನು ಅನುಸರಿಸುವಂಥದ್ದು. ‘ಕೆ’ ಎಲ್ಲಿದ್ದರೂ ಅಲ್ಲಿ ಕ ಇರುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಬೆರಳುಗಳು ನೆಲೆಸುವ ನಡುಸಾಲಿನ ಕೀಲಿಗಳನ್ನು ತಟ್ಟಿದರೆ ಅಕ್ಷರ, ಒತ್ತಿ ಹಿಡಿದರೆ ಶಿಫ್ಟ್ ಅಥವಾ ಕಂಟ್ರೋಲ್ ಆಗುವಂತೆ ಮಾಡಿಕೊಳ್ಳುವ ಪದ್ಧತಿ ಈಚೆಗೆ ಜನಪ್ರಿಯವಾಗಿದೆ. ಕ್ಯೂಎಂಕೆ ಸಾಮಾನ್ಯವಾಗಿ 200 ಮಿಲಿಸೆಕೆಂಡ್‌ಗಳ ಗಡಿಯನ್ನಿಟ್ಟು, ಅದರೊಳಗೆ ಬಿಟ್ಟರೆ ತಟ್ಟಿದ್ದು, ಮೀರಿದರೆ ಹಿಡಿದದ್ದು ಎಂದು ಎಣಿಸುತ್ತದೆ. ಹಿಡಿದ ಕೀಲಿಯೊಳಗೆ ಇನ್ನೊಂದು ಕೀಲಿಯನ್ನು ಒತ್ತಿ ಬಿಟ್ಟರೆ ಗಡಿಗೆ ಮೊದಲೇ ಹಿಡಿದದ್ದೆಂದು ತೀರ್ಮಾನಿಸುವ ಆಯ್ಕೆಗಳೂ ಇವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಚಿಹ್ನೆಗಳು ಬಹುತೇಕ ಎಡಗೈಯಲ್ಲಿ, ವ್ಯಂಜನಗಳಲ್ಲಿ ಬಹುಪಾಲು ಬಲಗೈಯಲ್ಲಿ ಇರುವುದರಿಂದ, ಕನ್ನಡ ಬರೆಯುವಾಗ ಕೈಗಳು ಒಂದಾದ ಮೇಲೊಂದರಂತೆ ಚಲಿಸುತ್ತವೆ ಮತ್ತು ಎಡಗೈಯ ಕೀಲಿಯನ್ನು ಪೂರ್ತಿ ಬಿಡುವ ಮೊದಲೇ ಬಲಗೈ ಮುಂದಿನದನ್ನು ಒತ್ತಿರುತ್ತದೆ. ‘ಎಫ್’ ಕೀಲಿಯಲ್ಲಿ ಗುಡಿಸಿನೊಡನೆ ಶಿಫ್ಟ್ ಸೇರಿಸಿದ್ದರೆ, ‘ಕವಿತೆ’ ಎಂದು ಬರೆಯಹೋದವರಿಗೆ ಗುಡಿಸು ನುಂಗಿಹೋಗಿ, ತ ಎಂಬುದು ಶಿಫ್ಟ್‌ನಿಂದ ಥ ಆಗಿ, ‘ಕವಥೆ’ ಎಂದು ಮೂಡುತ್ತದೆ. ‘ಡಿ’ ಕೀಲಿಯಲ್ಲಿ ಹಲಂತದೊಡನೆ ಕಂಟ್ರೋಲ್ ಇದ್ದರೆ ‘ಮತ್ತು’ ಎಂಬ ಪದದ ಒತ್ತಕ್ಷರ ಬರೆಯುವಾಗ ಕಂಟ್ರೋಲ್ ಮತ್ತು ‘ಎಲ್’ ಒಟ್ಟಿಗೆ ಒತ್ತಿದಂತಾಗಿ, ಬ್ರೌಸರಿನಲ್ಲಿ ಕರ್ಸರ್ ವಿಳಾಸದ ಪಟ್ಟಿಗೆ ನೆಗೆಯುತ್ತದೆ. ಒಂದೇ ಕೈಯ ಕೀಲಿಗಳನ್ನು ತಟ್ಟಿದ್ದೆಂದೂ ಎದುರು ಕೈಯ ಕೀಲಿಗಳನ್ನು ಹಿಡಿದದ್ದೆಂದೂ ಬಗೆಯುವ ಹೊಸ ನಿಯಮ ಇಂಗ್ಲಿಷಿಗೆ ಎಷ್ಟೇ ಹಿತವಾಗಿದ್ದರೂ ಎದುರು ಕೈಗಳ ಚಲನೆಯೇ ಪ್ರಧಾನವಾದ ಇನ್‌ಸ್ಕ್ರಿಪ್ಟ್ ಕನ್ನಡಕ್ಕೆ ನೆರವಾಗದು.

ಈ ಎರಡೂ ತೊಡಕುಗಳಿಗೆ ಒಂದೇ ಮದ್ದು: ಭಾರತೀಯ ಲಿಪಿಗಳಿಗೆಂದು ಒಂದು ಸರಳ ಪದರವನ್ನು ಮೀಸಲಿಡುವುದು. ಪದರವೆಂದರೆ ಅದೇ ಗುಂಡಿಗಳಿಗೆ ಬೇರೊಂದು ಅರ್ಥಕೋಷ್ಟಕ. ಹೆಚ್ಚಿನ ಸಂಖ್ಯೆಯ ಪದರ ಸಕ್ರಿಯವಾಗಿದ್ದರೆ ಅದರ ಮಾತೇ ನಡೆಯುತ್ತದೆ, ಅಲ್ಲಿ ‘ಪಾರದರ್ಶಕ’ವೆಂದು ಬಿಟ್ಟ ಕೀಲಿಗಳಿಗೆ ಕೆಳಗಿನ ಪದರದ ಅರ್ಥ ಒದಗುತ್ತದೆ. 0ನೆಯ ಪದರದಲ್ಲಿ ಬಳಕೆದಾರರ ಇಷ್ಟದ ಇಂಗ್ಲಿಷ್ ವಿನ್ಯಾಸವನ್ನೂ, 1ನೆಯದರಲ್ಲಿ ಹಿಡಿ-ತಟ್ಟು ಕೀಲಿಗಳಿಲ್ಲದ, ಶಿಫ್ಟ್ ತನ್ನ ಮಾಮೂಲಿ ಸ್ಥಾನದಲ್ಲಿರುವ ಶುದ್ಧ ಕ್ವರ್ಟಿ ಕ್ರಮವನ್ನೂ, 2 ಮತ್ತು 3ರಲ್ಲಿ ಚಿಹ್ನೆ, ಅಂಕಿ, ಬಾಣದ ಕೀಲಿಗಳನ್ನೂ ಇಟ್ಟರೆ, ಮೇಲಿನ ಎರಡು ಪದರಗಳು ಎರಡು ಬಗೆಯ ಬರವಣಿಗೆಗೂ ಒದಗುತ್ತವೆ. ಮಣೆಯಲ್ಲಿ ಇಲ್ಲದ ಡ, ಒತ್ವ ಮುಂತಾದವುಗಳ ಕೀಲಿಗಳನ್ನು 1ನೆಯ ಪದರದಲ್ಲಿ ಹೆಬ್ಬೆರಳಿನ ಅಥವಾ ಕಿರುಬೆರಳಿನ ಸಮೀಪ ಕೂರಿಸಬೇಕು. ಬಲಬದಿಯ ಆಲ್ಟ್ ಕೀಲಿಯನ್ನು ಈ ಪದರದಲ್ಲಿ ಕಳೆಯಬಾರದು. ಲಿನಕ್ಸ್‌ನ ಕನ್ನಡ ವಿನ್ಯಾಸದಲ್ಲಿ ಅದರೊಡನೆ 4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ.

ಭಾಷೆ ಬದಲಿಸುವ ಗುಂಡಿಯ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒತ್ತಿದರೆ ಭಾಷೆಗಳು ಸರದಿಯಂತೆ ಬದಲಾಗುತ್ತವೆ. ನಾಲ್ಕು ಭಾಷೆಗಳಿದ್ದರೆ ಈಗ ಯಾವುದಿದೆ ಎಂಬುದು ಫರ್ಮ್‌ವೇರಿಗೆ ತಿಳಿಯದೆ, ಪದರ ಒಂದು ಕಡೆ, ಭಾಷೆ ಇನ್ನೊಂದು ಕಡೆ ಉಳಿಯುತ್ತದೆ. ಇದರ ಬದಲು ವಿಂಡೋಸ್‌ನ ಕೀಲಿಮಣೆಯ ಮುಂದುವರಿದ ಸೆಟ್ಟಿಂಗ್‌ಗಳಲ್ಲಿ ಪ್ರತಿ ಭಾಷೆಗೂ ಪ್ರತ್ಯೇಕ ಒತ್ತುಜೋಡಿಯನ್ನು ಗೊತ್ತುಮಾಡಿ, ಫರ್ಮ್‌ವೇರಿನ ‘ಕನ್ನಡ’ ಗುಂಡಿ ಆ ಜೋಡಿಯನ್ನು ಕಳುಹಿಸಿ ಜೊತೆಗೇ 1ನೆಯ ಪದರಕ್ಕೆ ಹೋಗುವಂತೆ ಬರೆದರೆ, ಮೊದಲು ಯಾವ ಸ್ಥಿತಿಯಿದ್ದರೂ ಒಂದೇ ಒತ್ತಿಗೆ ಎರಡೂ ಕನ್ನಡಕ್ಕೆ ಬಂದು ನಿಲ್ಲುತ್ತವೆ. ಒತ್ತುಜೋಡಿಗಳಿಗೆ ಎಡ ಆಲ್ಟ್ ಮತ್ತು ಶಿಫ್ಟ್ ಸರಣಿಯನ್ನೇ ಆರಿಸಬೇಕು, ಏಕೆಂದರೆ ಕಂಟ್ರೋಲ್, ಶಿಫ್ಟ್ ಮತ್ತು 2 ಇವುಗಳನ್ನು ಇನ್‌ಸ್ಕ್ರಿಪ್ಟ್ ಪದ್ಧತಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಚಿಹ್ನೆಗೆ ಬಳಸಿಕೊಂಡಿದೆ. ಈ ಚಿಹ್ನೆಯ ಬೆಲೆ ಗಡಿಭಾಗದವರಿಗೆ ಬೇಗನೆ ತಿಳಿಯುತ್ತದೆ: ಅದಿಲ್ಲದೆ ಬರೆದರೆ ‘ಜಹೀರಾಬಾದ್‌ನಲ್ಲಿ’ ಎಂಬುದು ‘ಜಹೀರಾಬಾದ್ನಲ್ಲಿ’ ಎಂದಾಗಿ ದ ಕೆಳಗೆ ನ ಒತ್ತಾಗಿ ಸೇರಿಕೊಳ್ಳುತ್ತದೆ. ಆ ಜೋಡಿಯನ್ನು ಕಳುಹಿಸುವ ಒಂದು ಗುಂಡಿಯನ್ನು ಸರಳ ಪದರದಲ್ಲಿಟ್ಟು, ಬಳಸುವ ತಂತ್ರಾಂಶದಲ್ಲಿ ಅದು ನಡೆಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಕೆಟ್ಟಾಗ ನೋಡುವ ಕ್ರಮ

ಒಂದು ಕೀಲಿ ತಪ್ಪು ಅಕ್ಷರ ಕೊಟ್ಟರೆ ಮೊದಲು ಕಂಪ್ಯೂಟರನ್ನು ಇಂಗ್ಲಿಷಿಗೆ ತಂದು ನೋಡಬೇಕು. ಇಂಗ್ಲಿಷಿನಲ್ಲಿ ಸರಿಯಿದ್ದು ಕನ್ನಡದಲ್ಲಿ ಮಾತ್ರ ತಪ್ಪಿದರೆ ದೋಷ ಕಂಪ್ಯೂಟರಿನ ವಿನ್ಯಾಸದಲ್ಲೋ ಪದರದ ಆಯ್ಕೆಯಲ್ಲೋ ಇದೆ, ಮಣೆಯನ್ನು ಬಿಚ್ಚುವ ಅಗತ್ಯವಿಲ್ಲ. ಎರಡರಲ್ಲೂ ಕೆಲಸ ಮಾಡದ ಒಂಟಿ ಕೀಲಿಯಿದ್ದರೆ ಸ್ವಿಚ್, ಅದರ ಸಾಕೆಟ್ ಅಥವಾ ಬೆಸುಗೆಯನ್ನು ನೋಡಬೇಕು. ಒಂದು ಇಡೀ ಸಾಲು ಅಥವಾ ಕಂಬ ಸತ್ತಿದ್ದರೆ ಚಿಪ್‌ಗೆ ಹೋಗುವ ತಂತಿಯಲ್ಲೋ ಫರ್ಮ್‌ವೇರಿನ ಪಿನ್ ಪಟ್ಟಿಯಲ್ಲೋ ತಪ್ಪಿದೆ. ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ಅಕ್ಷರವೂ ಮೂಡಿದರೆ ಡಯೋಡ್‌ಗಳನ್ನು ಪರೀಕ್ಷಿಸಬೇಕು. ಒಮ್ಮೆ ಒತ್ತಿದರೆ ಎರಡು ಬಾರಿ ಮೂಡುವ ಕಾಯಿಲೆಗೆ ಫರ್ಮ್‌ವೇರಿನಲ್ಲಿ 5 ಮಿಲಿಸೆಕೆಂಡ್ ಇರುವ ಕಾಯುವಿಕೆಯನ್ನು 10ಕ್ಕೆ ಏರಿಸಬಹುದಾದರೂ, ಸುಣ್ಣದಕಲ್ಲಿನ ಚಪ್ಪಡಿಗಳನ್ನು ಕೊಯ್ದು ಪಾಲಿಷ್ ಮಾಡುವ ತಾಂಡೂರಿನಂಥ ಊರಿನಲ್ಲಿ ಸ್ವಿಚ್ಚಿನೊಳಗೆ ಧೂಳು ಸೇರುವ ಸಂಭವವೇ ಹೆಚ್ಚಾದ್ದರಿಂದ, ಸ್ವಿಚ್ಚನ್ನು ಶುಚಿಗೊಳಿಸುವುದು ಇಲ್ಲವೇ ಬದಲಿಸುವುದು ಮೊದಲ ಹೆಜ್ಜೆಯಾಗಬೇಕು, ಮತ್ತು ಕೆಲಸವಿಲ್ಲದಾಗ ಮಣೆಯ ಮೇಲೆ ಹೊದಿಕೆ ಇರಬೇಕು.

ಹೊಸ ಫರ್ಮ್‌ವೇರ್ ಹಾಕಿದರೂ ಹಳೆಯ ವಿನ್ಯಾಸವೇ ಉಳಿದಿದೆ ಎಂಬ ದೂರು ಬಹಳ ಸಾಮಾನ್ಯ. ವಿಯಾ ಅಥವಾ ವಯಲ್ ಬಳಸಿ ಮಾಡಿದ ಬದಲಾವಣೆಗಳು ಚಿಪ್‌ನ ಪ್ರತ್ಯೇಕ ನೆನಪಿನಲ್ಲಿ ಉಳಿಯುತ್ತವೆ, ಮತ್ತು ಹೊಸ ಫರ್ಮ್‌ವೇರಿನ ಮೂಲ ವಿನ್ಯಾಸಕ್ಕಿಂತ ಆ ನೆನಪಿನದ್ದೇ ಮೇಲಾಗುತ್ತದೆ. ಅನೇಕ ಮಣೆಗಳಲ್ಲಿ ಎಡತುದಿಯ ಮೇಲಿನ ಕೀಲಿಯನ್ನು ಒತ್ತಿಹಿಡಿದು ಕೇಬಲ್ ಸಿಕ್ಕಿಸಿದರೆ ಆ ನೆನಪು ಅಳಿಯುತ್ತದೆ. ಅಳಿಸುವ ಮೊದಲು ವಿಯಾದಿಂದ ವಿನ್ಯಾಸವನ್ನು ಕಡತವಾಗಿ ಉಳಿಸಿಕೊಳ್ಳಲು ಮರೆಯಬಾರದು. ಪದರಗಳು ನಾಲ್ಕೇ ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ: ಪ್ರತಿ ಕೀಲಿಗೆ 2 ಬೈಟ್‌ಗಳಂತೆ, 5 ಸಾಲು 14 ಕಂಬಗಳ ಮಣೆಗೆ ಪದರವೊಂದಕ್ಕೆ 140 ಬೈಟ್ ಬೇಕು, ಹಳೆಯ ಎಟಿಮೆಗಾ 32ಯು4 ಚಿಪ್‌ನಲ್ಲಿ ಈ ನೆನಪು ಒಟ್ಟು 1024 ಬೈಟ್ ಮಾತ್ರ, ಅದರಲ್ಲೇ ಮ್ಯಾಕ್ರೊಗಳೂ ಬೇರೆ ಸೆಟ್ಟಿಂಗ್‌ಗಳೂ ಇರಬೇಕು. ಹೊಸದಾಗಿ ಕೊಳ್ಳುವವರು ಆರ್‌ಪಿ2040 ಚಿಪ್ ಇರುವ ಮಣೆಯನ್ನು ಆರಿಸಿದರೆ ಜಾಗದ ಚಿಂತೆ ಇರುವುದಿಲ್ಲ. ಫರ್ಮ್‌ವೇರ್ ಹಾಕುವುದೂ ಸುಲಭ, ಮಣೆ ಪೆನ್‌ಡ್ರೈವ್‌ನಂತೆ ಕಾಣಿಸಿಕೊಂಡಾಗ ಕಡತವೊಂದನ್ನು ಅದರೊಳಗೆ ನಕಲಿಸಿದರೆ ಸಾಕು.

ದೀರ್ಘಕಾಲದ ನಿರ್ವಹಣೆಯಲ್ಲಿ ಎಡವಟ್ಟಾಗುವುದು ಮೂಲ ಕಡತದ ಕಡೆಯಿಂದ. ಕ್ಯೂಎಂಕೆ ಪ್ರತಿ ವರ್ಷ ಫೆಬ್ರುವರಿ, ಮೇ, ಆಗಸ್ಟ್ ಮತ್ತು ನವೆಂಬರ್‌ಗಳಲ್ಲಿ ಹಳೆಯದಕ್ಕೆ ಹೊಂದದ ಬದಲಾವಣೆಗಳನ್ನು ಒಟ್ಟಾಗಿ ಹೊರತರುತ್ತದೆ, ಕೀಲಿಗಳ ಹೆಸರುಗಳೂ ಆಗ ಬದಲಾಗುವುದುಂಟು; ಹಿಂದೆ ‘ರಿಸೆಟ್’ ಎಂದಿದ್ದ ಕೀಲಿ ಈಗ ‘ಕ್ಯೂಕೆ ಬೂಟ್’ ಆಗಿದೆ, ಹಳೆಯ ಹೆಸರಿದ್ದ ಕಡತ ಕಂಪೈಲ್ ಆಗುವುದಿಲ್ಲ. ಆದ್ದರಿಂದ ಚೆನ್ನಾಗಿ ನಡೆಯುತ್ತಿರುವ ಫರ್ಮ್‌ವೇರಿನ ಕಡತ, ಅದರ ಮೂಲ, ಮತ್ತು ಯಾವ ಆವೃತ್ತಿಯಿಂದ ಕಂಪೈಲ್ ಮಾಡಿದ್ದೆಂಬ ಟಿಪ್ಪಣಿ ಈ ಮೂರನ್ನೂ ಒಂದೇ ಕಡೆ, ಮಣೆಯನ್ನು ಬಳಸುವ ಕಂಪ್ಯೂಟರಿನ ಹೊರಗೂ ಒಂದು ಪ್ರತಿಯಾಗಿ ಇಡಬೇಕು. ಗಿಟ್‌ನಂಥ ಆವೃತ್ತಿ ನಿರ್ವಹಣಾ ಸಾಧನ ತಿಳಿದವರು ಅದನ್ನು ಬಳಸಲಿ, ತಿಳಿಯದವರು ದಿನಾಂಕ ಬರೆದ ಫೋಲ್ಡರ್‌ಗಳನ್ನು ಮಾಡಿಕೊಂಡರೂ ನಡೆಯುತ್ತದೆ. ಸಿ ಭಾಷೆಯ ಕೀಮ್ಯಾಪ್ ಕಡತದಲ್ಲಿ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಬಹುದಾದ್ದರಿಂದ, ಪ್ರತಿ ಪದರದ ಮೇಲೆ ಆಯಾ ಗುಂಡಿಯಲ್ಲಿ ಮೂಡುವ ಕನ್ನಡ ಅಕ್ಷರಗಳ ಚಿತ್ರವನ್ನು ಬರೆದಿಟ್ಟರೆ ವರ್ಷಗಳ ನಂತರ ತೆರೆದು ನೋಡುವವರಿಗೂ ಅದು ಅರ್ಥವಾಗುತ್ತದೆ. ವಿಯಾದ ಜೇಸನ್ ಕಡತಗಳಲ್ಲಿ ಈ ಅನುಕೂಲವಿಲ್ಲ.

ಕನ್ನಡ ಮತ್ತು ತೆಲುಗು ಎರಡಕ್ಕೂ ಒದಗುವ ಇಂಥ ಸರಳ ಪದರವನ್ನು ಜಹೀರಾಬಾದ್, ನಾರಾಯಣಖೇಡ ಅಥವಾ ತಾಂಡೂರಿನಲ್ಲಿ ಯಾರಾದರೂ ಸಿದ್ಧಪಡಿಸಿಕೊಂಡರೆ, ಅದನ್ನು ಟಿಪ್ಪಣಿಗಳ ಸಮೇತ ಮುಕ್ತವಾಗಿ ಹಂಚಬೇಕು. ಬೀದರ, ಕಲಬುರಗಿ, ರಾಯಚೂರು, ನಾರಾಯಣಪೇಟೆಗಳಲ್ಲಿ ಎರಡೂ ಲಿಪಿಗಳಲ್ಲಿ ದಿನವೂ ಬರೆಯುವವರಿಗೆ ಅದೇ ಮಾದರಿಯ ಮಣೆಯಿದ್ದರೆ ಅದು ಬದಲಾವಣೆಯಿಲ್ಲದೆ ಹೊಂದುತ್ತದೆ.